ಏರುಮಡಿಯ ಎತ್ತರವನ್ನು ಎಲ್ಲಿಂದ ಅಳೆಯಬೇಕು?

ಸುತ್ತಲಿನ ನೆಲಕ್ಕಿಂತ ಒಂದಡಿಯೋ ಒಂದೂವರೆ ಅಡಿಯೋ ಎತ್ತರಕ್ಕೆ ಕಲ್ಲು, ಇಟ್ಟಿಗೆ ಅಥವಾ ಹಲಗೆಯ ಕಟ್ಟೆ ಕಟ್ಟಿ, ಅದರೊಳಗೆ ಮಣ್ಣು ತುಂಬಿ ತರಕಾರಿ ಬೆಳೆಯಲು ಸಿದ್ಧಪಡಿಸಿದ ತಾಕಿಗೆ ಏರುಮಡಿ ಎಂದು ಹೆಸರು. ಬಗ್ಗುವ ಶ್ರಮ ಕಡಿಮೆಯಾಗುತ್ತದೆ, ಅಂಗಳ ಅಚ್ಚುಕಟ್ಟಾಗಿ ಕಾಣುತ್ತದೆ, ಕಳೆ ಕೀಳುವುದು ಸುಲಭವಾಗುತ್ತದೆ ಎಂಬ ಕಾರಣಗಳಿಗಾಗಿ ಮನೆಗಳಲ್ಲಿ ಇದನ್ನು ಕಟ್ಟಿಸುವುದು ರೂಢಿಯಾಗಿದ್ದರೂ, ಗಿಡದ ದೃಷ್ಟಿಯಿಂದ ಇವೆಲ್ಲ ಗೌಣ ಸಂಗತಿಗಳು. ಮಡಿಯನ್ನು ಎತ್ತರಿಸಿದಾಗ ಬದಲಾಗುವುದು ಬೇರು ಇರುವ ಜಾಗದಲ್ಲಿ ನೀರು ಮತ್ತು ಗಾಳಿಯ ಪಾಲು. ಆ ಪಾಲನ್ನು ನಿರ್ಧರಿಸುವ ನಿಯಮವನ್ನು ತಿಳಿಯದೆ ಕಟ್ಟಿದ ಮಡಿ ಎಷ್ಟೇ ಎತ್ತರವಿದ್ದರೂ ಮಳೆಗಾಲದಲ್ಲಿ ಕೆಸರುಗುಂಡಿಯಾಗಬಹುದು.

ಒಳ್ಳೆಯ ಗೋಡುಮಣ್ಣಿನ ಒಂದು ಘನ ಅಡಿಯನ್ನು ತೆಗೆದುಕೊಂಡರೆ ಅದರಲ್ಲಿ ಘನವಸ್ತು ಇರುವುದು ಅರ್ಧದಷ್ಟು ಮಾತ್ರ, ಉಳಿದರ್ಧ ಬರಿಯ ಖಾಲಿ ಜಾಗ. ಈ ಖಾಲಿ ಜಾಗವನ್ನು ನೀರು ಮತ್ತು ಗಾಳಿ ಹೆಚ್ಚುಕಡಿಮೆ ಸಮಪಾಲು ಮಾಡಿಕೊಂಡಿದ್ದರೆ ಹೆಚ್ಚಿನ ತರಕಾರಿ ಬೆಳೆಗಳಿಗೆ ಹಿತ. ಮಣ್ಣಿನ ಕಣಗಳಲ್ಲಿ 2 ಮಿಲಿಮೀಟರಿನವರೆಗಿನವನ್ನು ಮರಳೆಂದೂ, 0.002 ಮಿಲಿಮೀಟರಿಗಿಂತ ಸಣ್ಣವನ್ನು ಜೇಡಿಯೆಂದೂ, ಇವೆರಡರ ನಡುವಿನ ನುಣುಪಾದ ಕಣಗಳನ್ನು ರೇವೆಯೆಂದೂ ವಿಂಗಡಿಸುವುದು ವಾಡಿಕೆ. ಜೇಡಿಮಣ್ಣಿನಲ್ಲಿ ಖಾಲಿ ಜಾಗದ ಒಟ್ಟು ಮೊತ್ತ ಮರಳಿನಲ್ಲಿರುವುದಕ್ಕಿಂತ ಹೆಚ್ಚೇ ಇರುತ್ತದೆ ಎಂಬುದು ಮೊದಲ ಸಲ ಕೇಳುವವರಿಗೆ ಸೋಜಿಗ. ಆದರೆ ಆ ಜಾಗ ಅತಿ ಸಣ್ಣ ರಂಧ್ರಗಳಾಗಿ ಹಂಚಿಹೋಗಿರುವುದರಿಂದ ಅದರಲ್ಲಿ ನೀರು ಸಿಕ್ಕಿಕೊಳ್ಳುತ್ತದೆ, ಗಾಳಿಗೆ ಎಡೆ ಸಿಗುವುದಿಲ್ಲ.

ಸಣ್ಣ ರಂಧ್ರ ನೀರನ್ನು ಹಿಡಿದಿಡುವ ಈ ಗುಣಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. ಕೂದಲಿನಂತೆ ಕಿರಿದಾದ ಗಾಜಿನ ಕೊಳವೆಯನ್ನು ನೀರಿನಲ್ಲಿ ಅದ್ದಿದಾಗ ನೀರು ತಾನಾಗಿ ಮೇಲೇರುವುದು, ಒಣಬಟ್ಟೆಯ ಅಂಚು ಬಕೆಟ್ಟಿನ ನೀರಿಗೆ ತಾಗಿದರೆ ಬಟ್ಟೆಯೆಲ್ಲ ಒದ್ದೆಯಾಗುವುದು ಇದರ ಫಲವೇ. ನೀರಿನ ಅಣುಗಳು ಗಾಜಿಗೆ ಅಥವಾ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ಒಲವು ಮತ್ತು ನೀರಿನ ಮೇಲ್ಮೈ ಎಳೆತ ಇವೆರಡೂ ಸೇರಿ ಗುರುತ್ವದ ವಿರುದ್ಧ ನೀರನ್ನು ಎತ್ತಿ ಹಿಡಿಯುತ್ತವೆ. ಕೊಳವೆ ಎಷ್ಟು ಕಿರಿದೋ ನೀರು ಅಷ್ಟು ಎತ್ತರಕ್ಕೆ ಏರುತ್ತದೆ ಎಂಬ ಸಂಬಂಧವನ್ನು 1718ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್. ಲೆಕ್ಕ ಸರಳ: 1 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, 0.3 ಮಿಲಿಮೀಟರಿನದರಲ್ಲಿ ಸುಮಾರು 10, 0.1 ಮಿಲಿಮೀಟರಿನದರಲ್ಲಿ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಮಣ್ಣಿನ ರಂಧ್ರಗಳು ನೇರವಾದ ಕೊಳವೆಗಳಲ್ಲದಿದ್ದರೂ ಏರುಮಡಿಯ ಇಡೀ ವಿಜ್ಞಾನ ಈ ಮೂರು ಅಂಕಿಗಳ ಸುತ್ತ ನಿಂತಿದೆ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಇಟ್ಟಂತೆ ಅಡ್ಡಲಾಗಿ ಎತ್ತಿ ಹಿಡಿದರೆ ಕೆಲವು ಕ್ಷಣ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡದೆ, ಅಲುಗಿಸದೆ ಅದೇ ಸ್ಪಂಜನ್ನು ಉದ್ದುದ್ದ ನಿಲ್ಲುವಂತೆ ತಿರುಗಿಸಿದರೆ ನಿಂತಿದ್ದ ನೀರು ಮತ್ತೆ ಸುರಿಯತೊಡಗುತ್ತದೆ. ಸ್ಪಂಜು ಬದಲಾಗಿಲ್ಲ, ಅದರ ರಂಧ್ರಗಳೂ ಬದಲಾಗಿಲ್ಲ, ಬದಲಾದದ್ದು ನೀರಿನ ಕಂಬದ ಎತ್ತರವೊಂದೇ. ಎಲ್ಲ ಹನಿಗಳೂ ನಿಂತ ಬಳಿಕ ಮೇಲಿನ ಭಾಗವನ್ನು ಮುಟ್ಟಿ ನೋಡಿದರೆ ತೇವವಷ್ಟೇ ಇರುತ್ತದೆ, ತಳದ ಅಂಚಿನಲ್ಲಿ ಮಾತ್ರ ನೀರು ತುಂಬಿದ ಒಂದು ಪಟ್ಟಿ ಉಳಿದಿರುತ್ತದೆ. ಆ ಪಟ್ಟಿಯ ದಪ್ಪವನ್ನು ನಿರ್ಧರಿಸುವುದು ರಂಧ್ರಗಳ ಗಾತ್ರವೇ ಹೊರತು ಸ್ಪಂಜಿನ ಎತ್ತರವಲ್ಲ. ಮಡಿಯಲ್ಲಿಯೂ ಹೀಗೆಯೇ ತಳದಲ್ಲಿ ಒಂದು ತೊಯ್ದ ಪದರ ಇದ್ದೇ ಇರುತ್ತದೆ. ಮಡಿಯನ್ನು ಎತ್ತರಿಸುವುದರಿಂದ ಆ ಪದರ ಇಲ್ಲವಾಗುವುದಿಲ್ಲ, ಬೇರುಗಳ ಬಹುಭಾಗ ಅದರ ಮೇಲೆ ಉಳಿಯುತ್ತದೆ.

ಆದುದರಿಂದ ಮಡಿಯ ಎತ್ತರವನ್ನು ಅಂಗಳದ ನೆಲದಿಂದ ಅಳೆಯುವುದು ಕಣ್ಣಿಗೆ ಸರಿ, ಲೆಕ್ಕಕ್ಕೆ ಸರಿಯಲ್ಲ; ಅದನ್ನು ಅಳೆಯಬೇಕಾದದ್ದು ನೀರು ನಿಲ್ಲುವ ಮಟ್ಟದಿಂದ. ನೀರು ನಿಲ್ಲುವ ಮಟ್ಟದ ಮೇಲೆ 10 ಸೆಂಟಿಮೀಟರಿನಲ್ಲಿ 0.3 ಮಿಲಿಮೀಟರಿಗಿಂತ ದೊಡ್ಡ ರಂಧ್ರಗಳಷ್ಟೇ ಬರಿದಾಗುತ್ತವೆ, 30 ಸೆಂಟಿಮೀಟರಿನಲ್ಲಿ 0.1 ಮಿಲಿಮೀಟರಿಗಿಂತ ದೊಡ್ಡವೆಲ್ಲ ಬರಿದಾಗಿ ಗಾಳಿಗೆ ಜಾಗ ಬಿಡುತ್ತವೆ. ಒಂದೇ ಮಣ್ಣು ಮೇಲೆ ಹದವಾಗಿಯೂ ಕೆಳಗೆ ಜೌಗಾಗಿಯೂ ಇರುವುದಕ್ಕೆ ಕಾರಣ ಇದು.

ಈ ನಿಯಮವನ್ನು ಒಪ್ಪಿದರೆ, ಬಹುತೇಕ ಎಲ್ಲ ಮನೆಗಳಲ್ಲೂ ಚಾಚೂ ತಪ್ಪದೆ ಪಾಲಿಸುವ ಒಂದು ಪದ್ಧತಿಯನ್ನು ಕೈಬಿಡಬೇಕಾಗುತ್ತದೆ. ಕುಂಡದ ತಳಕ್ಕೆ ಬೋಕಿಬಿಲ್ಲೆ, ಮಡಿಯ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿದುಹೋಗುತ್ತದೆ ಎಂಬುದು ಆ ನಂಬಿಕೆ. ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ರಂಧ್ರಗಳ ಜಲ್ಲಿಗೆ ನೀರು ಇಳಿಯಬೇಕಾದರೆ ಮೊದಲು ಸಣ್ಣ ರಂಧ್ರಗಳ ಹಿಡಿತವನ್ನು ಬಿಡಿಸಿಕೊಳ್ಳಬೇಕು, ಆ ಹಿಡಿತ ಸಡಿಲವಾಗುವುದು ಜಲ್ಲಿಯ ಮೇಲಿನ ಮಣ್ಣು ಹೆಚ್ಚುಕಡಿಮೆ ಪೂರ್ತಿ ತೊಯ್ದು ನೀರಿನ ಭಾರ ಸಾಕಷ್ಟಾದ ಮೇಲೆ ಮಾತ್ರ. ಹೀಗಾಗಿ ಮಡಿಯ ತಳದಲ್ಲಿ ಇರಬೇಕಾಗಿದ್ದ ತೊಯ್ದ ಪದರ ಜಲ್ಲಿಯ ದಪ್ಪದಷ್ಟು ಮೇಲೇರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮಣ್ಣು ವಿಜ್ಞಾನಿಗಳು ಇದನ್ನು ತೂಗುನೀರಿನ ಮಟ್ಟ ಎಂದು ಗುರುತಿಸುತ್ತಾರೆ. ಅಂತರ್ಜಲದೊಡನೆ ಸಂಬಂಧವಿಲ್ಲದೆ ನಡುವೆ ತೂಗಿಬಿಟ್ಟಂತೆ ನಿಂತ ನೀರು ಎಂಬ ಅರ್ಥದಲ್ಲಿ. ಮಣ್ಣಿನೊಳಗಿನ ನೀರಿನ ಚಲನೆಗೆ ರಂಧ್ರಗಳ ಸೆಳೆತವೇ ಆಧಾರವೆಂದು 1907ರಲ್ಲಿ ಅಮೆರಿಕದ ಭೌತವಿಜ್ಞಾನಿ ಎಡ್ಗರ್ ಬಕಿಂಗ್‌ಹ್ಯಾಮ್ ಗಣಿತದಲ್ಲಿ ವಿವರಿಸಿದ್ದ. ಅರ್ಧ ಶತಮಾನದ ಅನಂತರ ವಾಷಿಂಗ್ಟನ್ ಸಂಸ್ಥಾನದ ವಾಲ್ಟರ್ ಗಾರ್ಡ್ನರ್ ಗಾಜಿನ ಹಲಗೆಗಳ ನಡುವೆ ಮಣ್ಣು ತುಂಬಿ, ಒರಟು ಪದರದ ಅಂಚಿಗೆ ಬಂದ ನೀರು ಅಲ್ಲಿಯೇ ತಡೆದು ನಿಂತು ಅಕ್ಕಪಕ್ಕಕ್ಕೆ ಹರಡುವುದನ್ನು ಚಲನಚಿತ್ರದಲ್ಲಿ ತೋರಿಸಿದ. ನೂರು ವರ್ಷ ಹಳೆಯದಾದ ಈ ತಿಳಿವಳಿಕೆ ಇನ್ನೂ ಅಂಗಳಕ್ಕೆ ಇಳಿದಿಲ್ಲ.

ಇದೇ ಗುಣವನ್ನು ಬೇಕೆಂದೇ ಬಳಸಿಕೊಂಡವರೂ ಇದ್ದಾರೆ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಹುಲ್ಲುಹಾಸಿನ ವಿನ್ಯಾಸದಲ್ಲಿ ಸುಮಾರು 30 ಸೆಂಟಿಮೀಟರ್ ಮರಳುಮಿಶ್ರಿತ ಪದರದ ಕೆಳಗೆ 10 ಸೆಂಟಿಮೀಟರ್ ಜಲ್ಲಿಯಿದೆ, ಅದರ ಕೆಲಸ ಎರಡು ಬಗೆಯದು: ಸಾಧಾರಣ ದಿನಗಳಲ್ಲಿ ಬೇಗ ಒಣಗುವ ಮರಳಿನಲ್ಲಿ ನೀರನ್ನು ತಡೆದು ಹುಲ್ಲಿಗೆ ಒದಗಿಸುವುದು, ಜಡಿಮಳೆಯಾದಾಗ ಹೆಚ್ಚುವರಿ ನೀರನ್ನು ಕೊಳವೆಗೆ ಸಾಗಿಸುವುದು. ಮರಳಿಗೆ ಇದು ವರ; ಬೆಂಗಳೂರು ಸುತ್ತಿನ ಜೇಡಿ ಬೆರೆತ ಕೆಮ್ಮಣ್ಣಿಗೆ ಅಲ್ಲ.

ನೆಲದ ಮೇಲೆ ಕಟ್ಟುವ ಮಡಿಗೆ ತಳವೇ ಬೇಡ. ಮಡಿಯ ಮಣ್ಣು ಕೆಳಗಿನ ಮಣ್ಣಿನೊಡನೆ ಕೂಡಿಕೊಂಡರೆ ರಂಧ್ರಗಳ ಸಾಲು ಕಡಿಯದೆ ಮುಂದುವರಿದು, ಕೆಳಗಿನ ನೆಲವೂ ನೀರಿನ ಕಂಬದ ಭಾಗವಾಗಿ ಸೆಳೆತ ಹೆಚ್ಚಿಸುತ್ತದೆ. ಆದುದರಿಂದ ಕಟ್ಟೆ ಏಳುವ ಮುನ್ನ ಆ ಜಾಗವನ್ನು ಹಾರೆ ಅಥವಾ ಗುದ್ದಲಿಯಿಂದ ಮುಕ್ಕಾಲಡಿ ಸಡಿಲಿಸಿ, ತುಂಬುವ ಮಣ್ಣಿನ ಮೊದಲ ಪದರವನ್ನು ಅದರೊಡನೆ ಕಲಸಿಬಿಡುವುದು ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಮತ್ತು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ. ನೆಲ ನೀರನ್ನು ಎಷ್ಟರಮಟ್ಟಿಗೆ ಇಂಗಿಸಿಕೊಳ್ಳುತ್ತದೆ ಎಂದು ತಿಳಿಯಲು ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಟ್ಟು, ಎರಡನೆಯ ಸಲ ತುಂಬಿದಾಗ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಡಿಪಟ್ಟಿಯಿಂದ ನೋಡಬೇಕು. ಗಂಟೆಗೆ ಒಂದಿಂಚಿಗಿಂತ ಕಡಿಮೆ ಇಳಿದರೆ ಆ ನೆಲದಲ್ಲಿ ಮಳೆಗಾಲದ ನೀರು ನಿಲ್ಲುವ ಮಟ್ಟ ಮಡಿಯ ಬುಡದಲ್ಲಿಯೇ ಇರುತ್ತದೆ ಎಂದು ಭಾವಿಸಿ ಎತ್ತರ ನಿರ್ಧರಿಸುವುದು ಕ್ಷೇಮ.

ಬೇರಿಗೆ ಗಾಳಿ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಉತ್ತರ ಉಸಿರಾಟದಲ್ಲಿದೆ. ಬೇರಿನ ಜೀವಕೋಶಗಳೂ ಪ್ರಾಣಿಗಳ ಜೀವಕೋಶಗಳಂತೆ ಆಮ್ಲಜನಕ ಬಳಸಿ ಸಕ್ಕರೆಯನ್ನು ಉರಿಸಿಯೇ ಶಕ್ತಿ ಪಡೆಯುತ್ತವೆ. ಆದರೆ ಆಮ್ಲಜನಕ ಗಾಳಿಯಲ್ಲಿ ಪಸರಿಸುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಅದರ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ರಂಧ್ರಗಳೆಲ್ಲ ನೀರಿನಿಂದ ತುಂಬಿದರೆ ಇದ್ದಬದ್ದ ಆಮ್ಲಜನಕವನ್ನು ಬೇರು ಮತ್ತು ಸೂಕ್ಷ್ಮಾಣುಗಳು ಬೇಗನೆ ಮುಗಿಸುತ್ತವೆ, ಹೊಸದು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಬೇರಿನ ಜೀವಕೋಶಗಳ ಒಳಗೆ ಆಮ್ಲತೆ ಹೆಚ್ಚಿ, ನೀರನ್ನು ಒಳಬಿಡುವ ಪ್ರೋಟೀನು ದ್ವಾರಗಳು ಮುಚ್ಚಿಕೊಳ್ಳುವುದರಿಂದ, ಬುಡದಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ಗಿಡ ಬಾಡುತ್ತದೆ. ಟೊಮೆಟೊದಲ್ಲಿ ಇನ್ನೊಂದು ಲಕ್ಷಣವೂ ಎದ್ದು ಕಾಣುತ್ತದೆ: ಎರಡು ದಿನ ಬಿಡದೆ ಮಳೆ ಸುರಿದ ಬಳಿಕ ಎಲೆಯ ತೊಟ್ಟುಗಳು ಬುಡದಲ್ಲಿ ಕೆಳಕ್ಕೆ ಬಾಗಿ, ಎಲೆಗಳು ಕಾಂಡಕ್ಕೆ ಒರಗಿದಂತೆ ಇಳಿಬೀಳುತ್ತವೆ. ಇದು ಬಾಡುವಿಕೆಯಲ್ಲ, ಬೆಳವಣಿಗೆ. ಉಸಿರುಗಟ್ಟಿದ ಬೇರಿನಲ್ಲಿ ಎಥಿಲೀನ್ ಎಂಬ ಸಸ್ಯಹಾರ್ಮೋನಿನ ಪೂರ್ವವಸ್ತು ತಯಾರಾಗುತ್ತದೆ, ಆದರೆ ಅದನ್ನು ಎಥಿಲೀನ್ ಆಗಿಸುವ ಕೊನೆಯ ಹಂತಕ್ಕೆ ಆಮ್ಲಜನಕ ಬೇಕಾದ್ದರಿಂದ ಆ ವಸ್ತು ನೀರಿನೊಡನೆ ಕಾಂಡದಲ್ಲಿ ಮೇಲೇರಿ ಎಲೆಗಳಲ್ಲಿ ಎಥಿಲೀನ್ ಆಗುತ್ತದೆ. ಅದರ ಪ್ರಭಾವದಿಂದ ತೊಟ್ಟಿನ ಮೇಲ್ಭಾಗದ ಕೋಶಗಳು ಕೆಳಭಾಗದವಕ್ಕಿಂತ ಹೆಚ್ಚು ಹಿಗ್ಗಿ ತೊಟ್ಟು ಬಾಗುತ್ತದೆ. ಕೆಂಟ್ ಬ್ರಾಡ್‌ಫೋರ್ಡ್ ಮತ್ತು ಶಾಂಗ್ ಫಾ ಯಾಂಗ್ 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಈ ಸಾಗಾಟವನ್ನು ಪತ್ತೆಹಚ್ಚಿದರು. ಭತ್ತಕ್ಕೆ ಈ ತೊಂದರೆಯಿಲ್ಲ, ಏಕೆಂದರೆ ಅದರ ಕಾಂಡ ಮತ್ತು ಬೇರುಗಳಲ್ಲಿ ಎಲೆಯಿಂದ ಕೆಳಕ್ಕೆ ಗಾಳಿ ಒಯ್ಯುವ ಟೊಳ್ಳು ಹಾದಿಗಳಿವೆ.

ಉಸಿರುಕಟ್ಟಿದ ಮಣ್ಣಿನಲ್ಲಿ ಇನ್ನೂ ಎರಡು ಕೇಡುಗಳು ನಡೆಯುತ್ತವೆ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಗಳು ಅದರ ಬದಲಿಗೆ ನೈಟ್ರೇಟನ್ನು ಬಳಸಿ ಸಾರಜನಕವನ್ನು ಅನಿಲವಾಗಿ ಹಾರಿಬಿಡುವುದರಿಂದ ಎಲೆಗಳು ಹಳದಿಯಾಗುತ್ತವೆ. ಪಿಥಿಯಂ ಮತ್ತು ಫೈಟಾಫ್ತೊರ ಕುಲದ ರೋಗಾಣುಗಳಂತೂ ಬಾಲದಂಥ ಎರಡು ಎಳೆಗಳಿರುವ ಬೀಜಕಣಗಳನ್ನು ಬಿಟ್ಟು, ರಂಧ್ರಗಳಲ್ಲಿ ನಿಂತ ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ನೀರು ಬಸಿದರೆ ಅವುಗಳ ದಾರಿ ಕಡಿದಂತೆ. ಮಲೆನಾಡು ಮತ್ತು ಕೊಡಗಿನಲ್ಲಿ ಶುಂಠಿಯನ್ನು ಸಾಲಾಗಿ ಏರುಮಡಿ ಎಬ್ಬಿಸಿಯೇ ನೆಡುವುದು, ಸಸಿಮಡಿಗಳನ್ನು ನೆಲಕ್ಕಿಂತ ಎತ್ತರಿಸುವುದು ಗೆಡ್ಡೆಕೊಳೆ ಮತ್ತು ಸಸಿ ಕೊಳೆಯುವ ರೋಗಗಳನ್ನು ದೂರವಿಡಲು.

ಮಣ್ಣನ್ನು ಎತ್ತರಿಸಿ ಬೆಳೆಯುವ ವಿದ್ಯೆ ಪುರಾತನವಾದದ್ದು. ಪಪುವ ನ್ಯೂಗಿನಿಯ ಎತ್ತರದ ಕಣಿವೆಯಲ್ಲಿರುವ ಕುಕ್ ಎಂಬ ಜೌಗು ನೆಲದಲ್ಲಿ 6,500ರಿಂದ 7,000 ವರ್ಷಗಳ ಹಿಂದೆ ಮಣ್ಣಿನ ದಿಬ್ಬಗಳನ್ನು ಎಬ್ಬಿಸಿ ಬೆಳೆ ತೆಗೆದ ಕುರುಹುಗಳು ಸಿಕ್ಕಿದ್ದು, 2008ರಲ್ಲಿ ಆ ತಾಣ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊದಲ್ಲಿ ಕೆರೆಯ ಹೂಳನ್ನು ಮೇಲೆತ್ತಿ ಕಟ್ಟಿದ ಚಿನಾಂಪ ಎಂಬ ತೋಟದ ಪಟ್ಟಿಗಳ ಅಂಚಿನಲ್ಲಿ ವಿಲೋ ಮರದ ಸಾಲುಗಳೇ ಕಟ್ಟೆಯ ಕೆಲಸ ಮಾಡುತ್ತವೆ. ದಕ್ಷಿಣ ಅಮೆರಿಕದ ಟಿಟಿಕಾಕ ಸರೋವರದ ಬಳಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಮಡಿಗಳ ನಡುವಿನ ಕಾಲುವೆಯ ನೀರು ಹಗಲಿನ ಬಿಸಿಲನ್ನು ಕೂಡಿಟ್ಟು ರಾತ್ರಿಯ ಹಿಮದಿಂದ ಆಲೂಗಡ್ಡೆಯನ್ನು ಕಾಯುತ್ತದೆ. ಕರ್ನಾಟಕದ ಓದುಗರಿಗೆ ಇಷ್ಟು ದೂರ ಹೋಗಬೇಕಾದ್ದಿಲ್ಲ: ಶಿರಸಿ–ಸಾಗರ ಸೀಮೆಯ ಕಣಿವೆಗಳಲ್ಲಿ ಕಾದಿಗೆ ಎಂಬ ಬಸಿಗಾಲುವೆಗಳ ನಡುವೆ ಎದ್ದುನಿಂತ ಅಡಿಕೆ ತೋಟದ ಪಟ್ಟಿಗಳೂ ಏರುಮಡಿಗಳೇ. ಎರೆಭೂಮಿಯಲ್ಲಿ ಮಳೆಗಾಲದ ಜೌಗಿಗೆ ಹೆದರಿ ಮುಂಗಾರಿನಲ್ಲಿ ಹೊಲ ಬೀಳುಬಿಟ್ಟು ಹಿಂಗಾರಿಗೆ ಜೋಳ ಬಿತ್ತುವ ರೂಢಿಗೆ ಪರ್ಯಾಯವಾಗಿ, ಹೈದರಾಬಾದ್ ಸಮೀಪದ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಒಂದು ಮೀಟರ್ ಅಗಲದ ಮಡಿ, ಅರ್ಧ ಮೀಟರ್ ಅಗಲದ ಸಾಲು ಎಂಬ ವಿನ್ಯಾಸವನ್ನು ರೂಪಿಸಿತು.

ಮನೆಯಂಗಳಕ್ಕೆ ಬಂದರೆ, ಬೆಂಗಳೂರಿನಂಥ ನಗರದ ಹೊಸ ಬಡಾವಣೆಯಲ್ಲಿ 30×40 ಸೈಟಿನ ಮನೆಯ ಸುತ್ತ ಉಳಿದ ಜಾಗದಲ್ಲಿ ಮಣ್ಣೆಂದು ಕಾಣುವುದು ಬಹುಪಾಲು ಮಣ್ಣಲ್ಲ. ಪಾಯದ ಅಡಿಮಣ್ಣು, ಇಟ್ಟಿಗೆ ಚೂರು, ಒಣಗಿದ ಗಾರೆ, ಟೈಲ್ಸ್ ತುಂಡುಗಳನ್ನು ಕೆಲಸಗಾರರ ಓಡಾಟ ಮತ್ತು ಲಾರಿಯ ಚಕ್ರ ಒತ್ತಿ ಗಟ್ಟಿಯಾಗಿಸಿರುತ್ತವೆ. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರವಾಗಿಸುವುದರಿಂದ ಕಬ್ಬಿಣ ಕರಗದೆ ಉಳಿದು, ಎಳೆಯ ಎಲೆಗಳು ನರವಷ್ಟೇ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತವೆ. ಹಳೆಯ ಬಡಾವಣೆಗಳಲ್ಲಿ, ವಿಶೇಷವಾಗಿ ರಸ್ತೆಯಂಚಿನಲ್ಲಿ ಮತ್ತು ಹಳೆಯ ಬಣ್ಣ ಉದುರಿದ ಗೋಡೆಗಳ ಬುಡದಲ್ಲಿ, ಸೀಸದ ಭಯವೂ ಇದೆ. ಸೀಸ ಬೆರೆತ ಪೆಟ್ರೋಲ್ ಭಾರತದಲ್ಲಿ 2000ದಲ್ಲಿ ನಿಂತರೂ ಮಣ್ಣಿಗೆ ಬಿದ್ದ ಸೀಸ ಅಲ್ಲಿಂದ ಕದಲುವುದಿಲ್ಲ. ಇಂಥ ಕಡೆ ಹೊರಗಿನಿಂದ ತಂದ ಒಳ್ಳೆಯ ಮಣ್ಣನ್ನು ಎತ್ತರಿಸಿ ತುಂಬುವುದೇ ದಾರಿ.

ಮಡಿಯ ಅಗಲವನ್ನು ನಿರ್ಧರಿಸುವುದು ತೋಳಿನ ಉದ್ದ. ಎರಡೂ ಕಡೆಯಿಂದ ಕೈ ಚಾಚಿದರೆ ನಡುಭಾಗ ಸಿಗಬೇಕಾದರೆ ನಾಲ್ಕಡಿ, ಗೋಡೆಗೆ ಒತ್ತಿದ ಮಡಿಯಾದರೆ ಎರಡಡಿ ಸಾಕು. ಮಡಿಯೊಳಗೆ ಎಂದೂ ಕಾಲಿಡಬಾರದೆಂಬ ನಿಯಮಕ್ಕೆ ಇದರಿಂದ ಅನುಕೂಲವಾಗುತ್ತದೆ, ಏಕೆಂದರೆ ತುಳಿತದಿಂದ ಮೊದಲು ಮುಚ್ಚಿಹೋಗುವುದು ಗಾಳಿಯಾಡುವ ದೊಡ್ಡ ರಂಧ್ರಗಳೇ. ಉದಾಹರಣೆಗೆ ಒಳ ಅಳತೆ ಎಂಟಡಿ ಉದ್ದ, ನಾಲ್ಕಡಿ ಅಗಲವಿರುವ ಮಡಿಗೆ 16 ಇಂಚು ಉದ್ದ, 8 ಇಂಚು ಎತ್ತರ, 4 ಇಂಚು ದಪ್ಪದ ಸಾಲಿಡ್ ಬ್ಲಾಕುಗಳನ್ನು ಎರಡು ವರಸೆ ಕಟ್ಟಿದರೆ ಸುಮಾರು 40 ಬ್ಲಾಕುಗಳಲ್ಲಿ 16 ಇಂಚು ಎತ್ತರದ ಕಟ್ಟೆಯಾಗುತ್ತದೆ. ಕಟ್ಟೆಯ ಗೆರೆಯಲ್ಲಿ ನಾಲ್ಕಾರು ಇಂಚು ಆಳದ ಚಡಿ ತೋಡಿ, ದಮ್ಮಸ್ಸು ಮಾಡಿ, ದಾರ ಕಟ್ಟಿ, ರಸಮಟ್ಟ ಇಟ್ಟು ಮೊದಲ ವರಸೆಯನ್ನು ಸಮಮಾಡಿಕೊಂಡರೆ ಮೇಲಿನ ಕೆಲಸ ಹಗುರ. ನೆಲ ಇಳಿಜಾರಾಗಿದ್ದರೂ ಮಡಿಯ ಮೇಲ್ಮೈ ಮಟ್ಟಸವಾಗಿರಬೇಕು, ಇಲ್ಲವಾದರೆ ಹಾಕಿದ ನೀರೆಲ್ಲ ಒಂದು ಮೂಲೆ ಸೇರುತ್ತದೆ. ಕೆಳವರಸೆಯಲ್ಲಿ ಮೂರಡಿಗೊಂದರಂತೆ ಎರಡು ಬ್ಲಾಕುಗಳ ನಡುವಿನ ಸಂದಿಗೆ ಗಾರೆ ತುಂಬದೆ ಬಿಡುವುದು, ನೆಲ ಇಂಗಿಸಿಕೊಳ್ಳದ ನೀರಿಗೆ ಹೊರದಾರಿ.

ಕಟ್ಟೆಯ ಮೇಲೆ ಮಣ್ಣು ಹೊರಕ್ಕೆ ತಳ್ಳುವ ಬಲ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬಸಿದ ಮಣ್ಣಿನ ಒಂದಡಿ ಎತ್ತರದ ಮಡಿಯಲ್ಲಿ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ಒತ್ತು ಸರಿಸುಮಾರು 27 ಕಿಲೋ ಭಾರಕ್ಕೆ ಸಮವಾದರೆ, ಎತ್ತರವನ್ನು ಎರಡಡಿಗೆ ಏರಿಸಿದಾಗ ಅದು ನೂರು ಕಿಲೋ ದಾಟುತ್ತದೆ. ಮಣ್ಣಿನಲ್ಲಿ ನೀರು ನಿಂತರೆ ಈ ಒತ್ತು ಇಮ್ಮಡಿಗೂ ಮೀರುತ್ತದೆ. ಉದ್ದನೆಯ ಹಲಗೆಯ ಮಡಿಗಳು ಮೊದಲ ಮಳೆಗಾಲದಲ್ಲಿಯೇ ನಡುವೆ ಹೊಟ್ಟೆ ಬಿಡುವುದಕ್ಕೆ ಇದೇ ಕಾರಣ. ಹಲಗೆಯ ಮಡಿ ಮೂಲತಃ ತಂಪು ದೇಶಗಳ ಪದ್ಧತಿ. ಗೆದ್ದಲಿರುವ ಕೆಂಪು ನೆಲದಲ್ಲಿ ಮರ ಬಹುಕಾಲ ಬಾಳುವುದಿಲ್ಲ, ಬಾಳಲೆಂದು ವಿಷ ಉಣಿಸಿದ ಮರವನ್ನು ತರಕಾರಿ ಮಡಿಗೆ ಬಳಸುವುದು ತರವಲ್ಲ. ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಉಣಿಸಿದ ಮರವನ್ನು ಅಮೆರಿಕದಲ್ಲಿಯೇ 2003ರ ಕೊನೆಯಲ್ಲಿ ಮನೆಬಳಕೆಯಿಂದ ಹಿಂತೆಗೆಯಲಾಯಿತು. ದಕ್ಷಿಣದ ಜಿಲ್ಲೆಗಳಲ್ಲಿ ಸೈಜುಗಲ್ಲು, ಕರಾವಳಿಯಲ್ಲಿ ಮುರಕಲ್ಲು ಸುಲಭವಾಗಿ ಸಿಗುವಾಗ ಹಲಗೆಗೆ ಹಣ ಹಾಕುವುದರಲ್ಲಿ ಹುರುಳಿಲ್ಲ.

ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಆ ಬ್ಲಾಕಿನ ಮಡಿಗೆ ಸುಮಾರು 37 ಘನ ಅಡಿ, ಅಂದರೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು ಮಿಶ್ರಣ ಬೇಕು. ಅದರಲ್ಲಿ ಮೂರು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಇದ್ದರೆ ಸಾಕು. ಜೇಡಿ ಹೆಚ್ಚಾಯಿತೆಂದು ಒಂದೆರಡು ಮಂಕರಿ ಮರಳು ಬೆರೆಸುವುದು ಕೆಡುಕೇ ಹೆಚ್ಚು: ಮರಳಿನ ಕಣಗಳು ಒಂದಕ್ಕೊಂದು ತಾಗುವಷ್ಟು, ಅಂದರೆ ಅರ್ಧಕ್ಕಿಂತ ಹೆಚ್ಚು, ಇಲ್ಲದಿದ್ದಾಗ ಅವುಗಳ ನಡುವಿನ ಜಾಗವನ್ನೆಲ್ಲ ಜೇಡಿಯೇ ತುಂಬಿ, ರಂಧ್ರಗಳು ಹೆಚ್ಚುವ ಬದಲು ಕಡಿಮೆಯಾಗುತ್ತವೆ. ಈಗ ಎಲ್ಲೆಡೆ ಸಿಗುವ ಎಂ-ಸ್ಯಾಂಡಿನಲ್ಲಿ ಕಲ್ಲುಪುಡಿಯ ನುಣ್ಣನೆಯ ಅಂಶವೂ ಸೇರಿರುವುದರಿಂದ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಜೇಡಿಯ ಕಣಗಳನ್ನು ಒಗ್ಗೂಡಿಸಿ ಕಾಳುಕಾಳಾಗಿಸುವ ಕೆಲಸವನ್ನು ಸಾವಯವ ಗೊಬ್ಬರ, ಶಿಲೀಂಧ್ರದ ಎಳೆಗಳು ಮತ್ತು ಎರೆಹುಳುಗಳು ಮರಳಿಗಿಂತ ಚೆನ್ನಾಗಿ ಮಾಡುತ್ತವೆ, ಆ ಕಾಳುಗಳ ನಡುವಿನ ಸಂದಿಗಳೇ ಗಾಳಿಯ ದಾರಿ.

ಗೊಬ್ಬರ ಒಳ್ಳೆಯದೆಂದು ಮಡಿಯನ್ನೆಲ್ಲ ಗೊಬ್ಬರದಿಂದಲೇ ತುಂಬುವುದೂ ತಪ್ಪು. ಗಿಡಕ್ಕೆ ಸಾರಜನಕ ಬೇಕಾಗುವುದು ರಂಜಕದ ಹಲವು ಪಟ್ಟು, ಆದರೆ ಸಗಣಿ ಗೊಬ್ಬರದಲ್ಲಿ ಇವೆರಡರ ಅಂತರ ಅಷ್ಟಿಲ್ಲ. ಸಾರಜನಕದ ಲೆಕ್ಕಕ್ಕೆ ಗೊಬ್ಬರ ಸುರಿದರೆ ರಂಜಕ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಉಳಿದು ಶೇಖರವಾಗಿ, ಸತು ಮತ್ತು ಕಬ್ಬಿಣ ಗಿಡಕ್ಕೆ ಸಿಗದಂತಾಗುತ್ತದೆ, ಬೇರಿಗೆ ನೆರವಾಗುವ ಶಿಲೀಂಧ್ರಗಳ ಸಂಬಂಧವೂ ಸೊರಗುತ್ತದೆ. ಇನ್ನು ಹಸಿ ತರಗು, ಭತ್ತದ ಹುಲ್ಲು, ಮರದ ಹೊಟ್ಟನ್ನು ಮಣ್ಣಿನಲ್ಲಿ ಬೆರೆಸಿದರೆ ಬೇರೊಂದು ಪೇಚು. ಕೊಳೆಸುವ ಸೂಕ್ಷ್ಮಾಣುಗಳಿಗೆ ಆಹಾರದಲ್ಲಿ ಸುಮಾರು 24 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಅರವತ್ತಕ್ಕೂ ಮೇಲೆ, ಮರದ ಹೊಟ್ಟಿನಲ್ಲಿ ನೂರಾರು. ಕೊರತೆಯನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುವುದರಿಂದ ಗಿಡಕ್ಕೆ ಕೆಲಕಾಲ ಉಪವಾಸ. ಅದೇ ಹುಲ್ಲನ್ನು ಒಳಗೆ ಬೆರೆಸದೆ ಮೇಲೆ ಹೊದಿಕೆಯಾಗಿ ಹಾಸಿದರೆ ಈ ಎಳೆದಾಟ ಮೇಲ್ಮೈಯ ತೆಳು ಪದರಕ್ಕಷ್ಟೇ ಸೀಮಿತವಾಗುತ್ತದೆ.

ಬಸಿಯುವ ಗುಣವೇ ಬೇಸಿಗೆಯಲ್ಲಿ ಶತ್ರು. ಮೇಲೆ ಹೇಳಿದ ಮಡಿಯ ಮೇಲ್ಮೈ 32 ಚದರಡಿ. ಅದರ ನಾಲ್ಕು ಬದಿಗಳ ಸುತ್ತಳತೆ 24 ಅಡಿಯನ್ನು 16 ಇಂಚು ಎತ್ತರಕ್ಕೆ ಗುಣಿಸಿದರೂ 32 ಚದರಡಿಯೇ. ಅಂದರೆ ನೆಲದಲ್ಲಿದ್ದಾಗ ಒಂದೇ ಮುಖದಿಂದ ಕಾಯುತ್ತಿದ್ದ ಮಣ್ಣಿಗೆ ಈಗ ಅಷ್ಟೇ ದೊಡ್ಡ ಇನ್ನೊಂದು ಮುಖ ಬಿಸಿಲಿಗೆ ತೆರೆದಂತಾಯಿತು, ಅದರಲ್ಲೂ ಪಶ್ಚಿಮದ ಗೋಡೆ ಸಂಜೆಯವರೆಗೆ ಕಾಯುತ್ತದೆ. ತಂಪು ದೇಶದವರು ವಸಂತದಲ್ಲಿ ಮಣ್ಣು ಬೇಗ ಬೆಚ್ಚಗಾಗುತ್ತದೆಂದು ಹಿಗ್ಗುವ ಗುಣ ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಯಾರಿಗೂ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿದರೆ ಚಳ್ಳಕೆರೆಯಲ್ಲಿ ಐನೂರರ ಆಸುಪಾಸು. ಮೊದಲನೆಯ ಕಡೆ ಏರುಮಡಿ ಅನಿವಾರ್ಯ, ಎರಡನೆಯ ಕಡೆ ಅದಕ್ಕೆ ತದ್ವಿರುದ್ಧವಾದ ತಗ್ಗುಮಡಿ ಲೇಸು. ಅಮೆರಿಕದ ನ್ಯೂಮೆಕ್ಸಿಕೊದ ಒಣನೆಲದಲ್ಲಿ ಜೂನಿ ಜನ ಅಂಗೈಯಗಲದ ಮಣ್ಣಿನ ಬದುಗಳಿಂದ ಚೌಕಚೌಕವಾಗಿ ತಗ್ಗುಪಾತಿಗಳನ್ನು ಮಾಡಿ ಒಂದೊಂದು ಹನಿಯನ್ನೂ ಗಿಡದ ಬುಡದಲ್ಲಿ ನಿಲ್ಲಿಸಿದ್ದು ಇದೇ ಲೆಕ್ಕಾಚಾರದಿಂದ. ಎತ್ತರಿಸುವುದೇ ಆಧುನಿಕವೆಂದು ಒಣಸೀಮೆಯ ಮನೆಗಳೂ ಕಟ್ಟೆ ಕಟ್ಟಿಸುತ್ತಿರುವುದು ಫ್ಯಾಷನ್ನಿನ ಪ್ರಭಾವವೇ ಹೊರತು ವಿಜ್ಞಾನದ್ದಲ್ಲ.

ತಾರಸಿಯ ಮೇಲೆ ಕಟ್ಟುವ ಮಡಿಯಲ್ಲಿ ತೂಗುನೀರಿನಿಂದ ಪಾರಾಗುವ ದಾರಿಯಿಲ್ಲ, ಏಕೆಂದರೆ ಅಲ್ಲಿ ಮಣ್ಣು ಕೂಡಿಕೊಳ್ಳಲು ಕೆಳಗೆ ನೆಲವೇ ಇಲ್ಲ. ಎತ್ತರ ಹೆಚ್ಚಿಸೋಣವೆಂದರೆ ಭಾರ ಅಡ್ಡ ಬರುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿದಿರುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಹದಿನಾಲ್ಕು ಇಂಚು ದಪ್ಪದ ನೆನೆದ ಮಣ್ಣು ಅಷ್ಟೇ ಜಾಗದಲ್ಲಿ 600 ಕಿಲೋ ತೂಗುತ್ತದೆ. ತೆಂಗಿನ ನಾರಿನ ಪುಡಿ ಮತ್ತು ಎಲೆಗೊಬ್ಬರದ ಹಗುರ ಮಿಶ್ರಣವನ್ನು ಅರ್ಧ ಅಡಿ ಹಾಕಿದರೂ ನೀರು ಹೀರಿದ ಮೇಲೆ ಮಿತಿಯ ಹತ್ತಿರ ಬರುತ್ತದೆ, ಆದುದರಿಂದ ಕಟ್ಟಡದ ಎಂಜಿನಿಯರನ್ನು ಕೇಳದೆ ತೊಲೆ ಎಲ್ಲಿದೆಯೆಂದು ತಿಳಿಯದೆ ತಾರಸಿಗೆ ಮಣ್ಣು ಏರಿಸಬಾರದು. ನಾರಿನ ಪುಡಿಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳಿರುವುದರಿಂದ ಅದನ್ನು ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಬೇಕು. ಅರ್ಧ ಅಡಿ ಆಳದಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್, ದಂಟಿನಂಥ ಸೊಪ್ಪುಗಳು ಬರುತ್ತವೆ. ಬದನೆ, ಟೊಮೆಟೊಗೆ ಒಂದಡಿಗಿಂತ ಹೆಚ್ಚು ಆಳ ಬೇಕು.

ನೆಲದ ಮೇಲಿನ ಮಡಿ ಮೊದಲ ವರ್ಷದಲ್ಲಿ ಕುಸಿಯುವುದು ಸಹಜ. ಒಂದಿಷ್ಟು ಭಾಗ ಮಣ್ಣು ಕೂತದ್ದು, ಉಳಿದದ್ದು ಗೊಬ್ಬರದ ಇಂಗಾಲ ಅನಿಲವಾಗಿ ಗಾಳಿಗೆ ಸೇರಿದ್ದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕೊಳೆಯುವ ವೇಗ ಸುಮಾರು ಇಮ್ಮಡಿಯಾಗುವುದರಿಂದ ತಂಪು ದೇಶದ ಪುಸ್ತಕಗಳು ಹೇಳುವುದಕ್ಕಿಂತ ಈ ಇಳಿತ ಇಲ್ಲಿ ಬೇಗ ನಡೆಯುತ್ತದೆ. ಕಟ್ಟೆಯ ಒಳಮೈಗೆ ಬಣ್ಣದಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ ಪ್ರತಿ ಬೇಸಿಗೆಯ ಕೊನೆಗೆ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ಇಳಿದಷ್ಟನ್ನೂ ಗೊಬ್ಬರದಿಂದಲೇ ತುಂಬದೆ, ಮೊದಲಿನ ಮೂರಕ್ಕೊಂದರ ಪ್ರಮಾಣದಲ್ಲಿ ಮಣ್ಣನ್ನೂ ಸೇರಿಸಿ, ಮೇ ತಿಂಗಳ ಮಳೆಗೆ ಮುಂಚೆ ಮೇಲಿನಿಂದ ಹರಡಿ ಹೊದಿಕೆ ಹಾಕಿದರೆ ಸಾಕು. ಅಗೆದು ಕಲಸಿದರೆ ವರ್ಷವಿಡೀ ಎರೆಹುಳುಗಳೂ ಸತ್ತ ಬೇರುಗಳೂ ಕೊರೆದಿಟ್ಟ, ಒಂದು ಮಿಲಿಮೀಟರಿಗಿಂತ ಅಗಲವಾದ ಹಾದಿಗಳೆಲ್ಲ ಮುಚ್ಚಿಹೋಗುತ್ತವೆ, ಜಡಿಮಳೆಯ ದಿನ ನೀರು ಮೊದಲು ಇಳಿಯುವುದು ಅವುಗಳಲ್ಲಿಯೇ.